ಫ್ಯಾಂಟಮ್‌ನ ಒಳ್ಳೆಯ ಕಾಲ ಯಾವುದು?

ಪ್ರಶ್ನೆ: ಸರ್, ನಾವು ಡೊಂಬಿವಲಿಯವರು. ನಮ್ಮ ಭಾವ ಅರವತ್ತರ ದಶಕದಲ್ಲಿ ಫೋರ್ಟ್‌ನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತ ರಾತ್ರಿ ಶಾಲೆಗೆ ಹೋಗುತ್ತಿದ್ದವರು. ರದ್ದಿ ಅಂಗಡಿಯಿಂದ ತಂದು ಓದಿದ ಇಂದ್ರಜಾಲ ಕಾಮಿಕ್ಸ್‌ನ ಮೊದಮೊದಲ ಸಂಚಿಕೆಗಳಲ್ಲಿ ಬಂದ, ಕಾಡು ಕಾಯುವ ಮುಖವಾಡದ ವೀರನೇ ನಿಜವಾದ ಫ್ಯಾಂಟಮ್ ಎಂದು ಅವರು ಹೇಳುತ್ತಾರೆ. ನಾನು ಓದಿದ್ದು ಎಂಬತ್ತರ ದಶಕದಲ್ಲಿ. ನನಗೆ ಸೈ ಬ್ಯಾರಿ ಬರೆದ ಚಿತ್ರಗಳ ಮುಂದೆ ಬೇರೆ ಯಾವುದೂ ಇಲ್ಲ. ಮಗ ಈಗಿನ ಕಥೆಗಳನ್ನು ಮೊಬೈಲಿನಲ್ಲಿ ಓದುತ್ತಾನೆ. ‘ನಿಮ್ಮಿಬ್ಬರದೂ ಬಾಲ್ಯದ ಮೋಹ, ಈಗಿನದೇ ಗಟ್ಟಿ ಕಥೆ’ ಎನ್ನುತ್ತಾನೆ. ಶಕ್ತಿಯೇ ಇಲ್ಲದ ಫ್ಯಾಂಟಮ್ ಸೂಪರ್‌ಹೀರೋ ಹೇಗಾಗುತ್ತಾನೆ ಅಂತಲೂ ಕೇಳುತ್ತಾನೆ. ಹಬ್ಬಕ್ಕೆ ಸೇರಿದಾಗಲೆಲ್ಲ ಇದೇ ವಾದ. ನಿಮ್ಮ ತೀರ್ಪೇನು?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ. 1961ರಿಂದ 1977ರವರೆಗಿನ ಹದಿನಾರು ವರ್ಷ. ಸೈ ಬ್ಯಾರಿ ಕುಂಚ ಹಿಡಿದ ದಿನದಿಂದ, ಫ್ಯಾಂಟಮ್ ತನ್ನ ಪ್ರೇಯಸಿ ಡಯಾನಾಳನ್ನು ಮದುವೆಯಾಗುವವರೆಗೆ. ಹಾಗಂತ ವಾದದಲ್ಲಿ ನೀವು ಪೂರ್ತಿ ಗೆದ್ದಿರಿ ಎಂದುಕೊಳ್ಳಬೇಡಿ. ನೀವು ಈ ಕಾಲವನ್ನು ಮೆಚ್ಚುವುದು ಚಿತ್ರಕ್ಕಾಗಿ, ನಾನು ಮೆಚ್ಚುವುದು ಮುಖ್ಯವಾಗಿ ಬೇರೊಂದು ಕಾರಣಕ್ಕೆ. ನಿಮ್ಮ ಭಾವನವರ ಮಾತಿನಲ್ಲೂ ನೀವು ಸುಲಭವಾಗಿ ತಳ್ಳಿಹಾಕಲಾಗದ ಒಂದು ಸತ್ಯವಿದೆ.

ಮಗನ ಸಣ್ಣ ಪ್ರಶ್ನೆಯನ್ನು ಮುಗಿಸಿ ಮುಂದೆ ಹೋಗೋಣ. ಫ್ಯಾಂಟಮ್ ಅಮೆರಿಕದ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು 1936ರ ಫೆಬ್ರುವರಿ 17ರಂದು. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಮೈಗಂಟಿದ ಉಡುಪು, ಕಣ್ಣುಗುಡ್ಡೆ ಕಾಣದ ಮುಖವಾಡ, ಗುಟ್ಟಿನ ನೆಲೆ, ಪಾತಕಿಯ ದವಡೆಯ ಮೇಲೆ ಉಳಿಯುವ ಗುರುತು ಎಲ್ಲವೂ ಅವನಲ್ಲಿ ಆಗಲೇ ಇದ್ದವು. ಹಾರಲು ಬರುವುದಿಲ್ಲ, ಗುಂಡು ತಗುಲಿದರೆ ರಕ್ತ ಬರುತ್ತದೆ, ನಿಜ. ಆದರೆ ಬ್ಯಾಟ್‌ಮ್ಯಾನ್‌ಗೂ ಹಾರಲು ಬರುವುದಿಲ್ಲ. ಸೂಪರ್‌ಹೀರೋ ಎಂದು ಕರೆಯಲು ನನ್ನ ಅಡ್ಡಿಯೇನೂ ಇಲ್ಲ.

ಈಗ ಮುಖ್ಯ ವಿಷಯ. ‘ಕಾಲ’ ಎಂದಾಗ ನಮ್ಮ ಊರಿನ ಓದುಗರು ಒಂದು ಗೊಂದಲದಲ್ಲಿ ಬೀಳುತ್ತಾರೆ, ಅದಕ್ಕೆ ಕಾರಣ ಇಂದ್ರಜಾಲ ಕಾಮಿಕ್ಸ್. ಬೋರಿಬಂದರಿನ ಟೈಮ್ಸ್ ಸಂಸ್ಥೆ 1964ರ ಮಾರ್ಚ್‌ನಲ್ಲಿ ಅದನ್ನು ಶುರುಮಾಡಿತು. ಮೊದಲು ತಿಂಗಳಿಗೊಂದು, ಆಮೇಲೆ ಹದಿನೈದು ದಿನಕ್ಕೊಂದು, ಎಂಬತ್ತರ ದಶಕದಲ್ಲಿ ವಾರಕ್ಕೊಂದು. 1990ರಲ್ಲಿ ನಿಂತಿತು. ಮೊದಲ 32 ಸಂಚಿಕೆಗಳಲ್ಲಿ ಬರೀ ಫ್ಯಾಂಟಮ್. ನಂತರ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಬಂದರು. 1976ರಲ್ಲಿ ಆಬಿದ್ ಸುರ್ತಿ ಸೃಷ್ಟಿಸಿದ ನಮ್ಮದೇ ಬಹಾದೂರ್ ಬಂದ. ಆದರೆ ಇಂದ್ರಜಾಲದಲ್ಲಿ ಬಂದ ಫ್ಯಾಂಟಮ್ ಕಥೆಗಳು ಆಯಾ ವರ್ಷ ಬರೆದವಲ್ಲ. ಅಮೆರಿಕದ ದಿನಪತ್ರಿಕೆಗಳಲ್ಲಿ ಹತ್ತು, ಹದಿನೈದು ವರ್ಷ ಮೊದಲು ಮೂರ್ನಾಲ್ಕು ಚೌಕಗಳ ಪಟ್ಟಿಯಾಗಿ ದಿನವೂ ಬಂದದ್ದನ್ನು ಮುಂಬೈಯಲ್ಲಿ ಪುಟಕ್ಕೆ ಹೊಂದುವಂತೆ ಕತ್ತರಿಸಿ, ಅಂಟಿಸಿ, ಬಣ್ಣ ತುಂಬಿ ಕೊಡುತ್ತಿದ್ದರು. ಮೊದಲ ಸಂಚಿಕೆ ಫ್ಯಾಂಟಮ್‌ನ ಸೊಂಟಪಟ್ಟಿಯ ಕಥೆ. ಮೂಲದಲ್ಲಿ ಅದು 1954ರದು, ಚಿತ್ರ ವಿಲ್ಸನ್ ಮೆಕಾಯ್ ಅವರದು. ನಿಮ್ಮ ಭಾವ ‘ಎಲ್ಲಕ್ಕಿಂತ ಹಳೆಯ ಫ್ಯಾಂಟಮ್’ ಎಂದು ಎದೆಗಪ್ಪಿಕೊಂಡಿರುವುದು ಹೀಗೆ ಐವತ್ತರ ದಶಕದ ಫ್ಯಾಂಟಮ್. ನಿಜವಾದ ಹಳೆಯದು ಅದಕ್ಕೂ ಇಪ್ಪತ್ತು ವರ್ಷ ಹಿಂದಿನದು, ರೇ ಮೂರ್ ಚಿತ್ರ ಬರೆದದ್ದು. ನೀವು ಎಂಬತ್ತರಲ್ಲಿ ಓದಿದ್ದರಲ್ಲೂ ಬಹುಪಾಲು ಅರವತ್ತು, ಎಪ್ಪತ್ತರ ದಶಕದ ಕಥೆಗಳೇ.

ಕತ್ತರಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಜಾಹೀರಾತು ಸಂಸ್ಥೆಯ ಚಿತ್ರ ವಿಭಾಗದಲ್ಲಿ ಪುಟ ಜೋಡಿಸುವ ಕೆಲಸವನ್ನೇ ಮಾಡಿ ನಿವೃತ್ತನಾದವನು ನಾನು, ಹಾಗಾಗಿ ಇದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ದಿನಪತ್ರಿಕೆಯ ಕಥೆ ಒಂದಕ್ಕೆ ನಾಲ್ಕೈದು ತಿಂಗಳು ಹಿಡಿಯುತ್ತದೆ. ಅಂದರೆ ಕೆಲವು ನೂರು ಚೌಕಗಳು. ಅಷ್ಟೂ ತೆಳ್ಳಗಿನ ಒಂದು ಪುಸ್ತಕದಲ್ಲಿ ಹಿಡಿಸುವುದಿಲ್ಲ. ಏನನ್ನು ಬಿಡುತ್ತಾರೆ? ಹೊಡೆದಾಟವನ್ನು ಬಿಡುವುದಿಲ್ಲ. ಯಾರೋ ಸುಮ್ಮನೆ ಕುಳಿತು ಮಾತಾಡುವ ಚೌಕ, ಕಾಡಿನ ದಾರಿಯ ಚೌಕ, ಡಯಾನಾ ಪತ್ರ ಓದುವ ಚೌಕ, ಇವು ಹೋಗುತ್ತವೆ. ಕೆಲವೆಡೆ ಚೌಕದ ಅಂಚನ್ನೇ ಹಿಗ್ಗಿಸಿ ಇಲ್ಲದ ಗಿಡ, ಇಲ್ಲದ ಆಕಾಶ ಸೇರಿಸಿದ್ದೂ ಉಂಟು. ಹೆಸರುಗಳೂ ಬದಲಾದವು. ಫ್ಯಾಂಟಮ್‌ನ ನಾಡಾದ ಬಂಗಲ್ಲಾ, ನಮ್ಮ ಬಂಗಾಳವನ್ನು ನೆನಪಿಸಬಾರದೆಂದು ಇಂದ್ರಜಾಲದಲ್ಲಿ ಡೆಂಕಾಲಿ ಆಯಿತು, ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಇದನ್ನೆಲ್ಲ ದೂರಲು ಹೇಳುತ್ತಿಲ್ಲ. ಬಿ. ಗೋವಿಂದ್ ಬರೆದ ಆ ಮುಖಪುಟಗಳು ಮೂಲದಲ್ಲಿ ಎಲ್ಲೂ ಇಲ್ಲ, ಅವು ಮುಂಬೈ ಕೊಟ್ಟ ಸ್ವಂತ ಸಂಪತ್ತು. ಆದರೆ ಕಾಲಗಳನ್ನು ತೂಗುವಾಗ ಇಂದ್ರಜಾಲದ ಪುಸ್ತಕವನ್ನು ತಕ್ಕಡಿಗೆ ಹಾಕಬಾರದು, ಮೂಲದ ಪಟ್ಟಿಯನ್ನು ಹಾಕಬೇಕು. ಹಾಗೆ ಹಾಕಿದಾಗ ಅತಿ ಹೆಚ್ಚು ಅನ್ಯಾಯವಾಗಿರುವುದು ನಿಮ್ಮ ಭಾವ ಮೆಚ್ಚಿದ ಮೆಕಾಯ್ ಕಾಲದ ಕಥೆಗಳಿಗೇ ಎಂದು ತಿಳಿಯುತ್ತದೆ.

ಯಾಕೆಂದರೆ ಚಿತ್ರಕಾರರು ಮೂರ್, ಮೆಕಾಯ್, ಬ್ಯಾರಿ ಎಂದು ಬದಲಾದರೂ, ಮೂರೂ ಕಾಲದ ಕಥೆ ಬರೆದವರು ಒಬ್ಬರೇ, ಲೀ ಫಾಕ್. 1936ರಿಂದ 1999ರಲ್ಲಿ ತೀರಿಕೊಳ್ಳುವವರೆಗೆ 63 ವರ್ಷ ಅವರೇ ಬರೆದರು. ಚಿತ್ರಕಾರರ ಹೆಸರಿನಲ್ಲಿ ಕಾಲ ವಿಂಗಡಿಸುವ ನಮ್ಮ ರೂಢಿಯಲ್ಲಿ ಈ ಮನುಷ್ಯನ ಏರಿಳಿತ ಮರೆತೇ ಹೋಗುತ್ತದೆ. ಫಾಕ್ ನಾಟಕದವರು. ನಾಟಕಶಾಲೆಗಳನ್ನು ನಡೆಸಿದರು, ನಾಟಕಗಳನ್ನು ಬರೆದರು, ಆಡಿಸಿದರು. ಅವರ ಕಥೆಯಲ್ಲಿ ನಾಯಕನ ಪ್ರವೇಶ ಎಷ್ಟು ತಡ ಎಂಬುದನ್ನು ಗಮನಿಸಿ. ಮೊದಲು ಬಂದರಿನ ಹೆಂಡದಂಗಡಿಯಲ್ಲಿ ಯಾರೋ ಅವನ ಹೆಸರೆತ್ತುತ್ತಾರೆ, ಇನ್ನೊಬ್ಬ ಬಾಯಿ ಮುಚ್ಚಿಸುತ್ತಾನೆ. ಆಮೇಲೆ ಕಾಡಿನ ನಗಾರಿ. ಆಮೇಲೆ ಒಬ್ಬ ಮುದುಕನ ಹಳೆಯ ಮಾತು. ಆಮೇಲೆ ಒಂದು ನೆರಳು. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆಯೇ ಕುಣಿದು, ಕಿರೀಟದ ತುದಿಯನ್ನಷ್ಟೇ ತೋರಿಸಿ ಸಭೆಯನ್ನು ಕಾಯಿಸುತ್ತದಲ್ಲ, ಅದೇ ವಿದ್ಯೆ. ಈ ವಿದ್ಯೆ ಫಾಕ್‌ಗೆ ಪೂರ್ತಿ ಕೈಗೂಡಿದ್ದು ಐವತ್ತರ ದಶಕದಲ್ಲಿ. ಸೊಂಟಪಟ್ಟಿಯ ಕಥೆಯನ್ನೇ ತೆಗೆದುಕೊಳ್ಳಿ. ಫ್ಯಾಂಟಮ್ ಎಂಬುದು ತಂದೆಯಿಂದ ಮಗನಿಗೆ ಬರುವ ಪಟ್ಟ. ಇಪ್ಪತ್ತನೆಯ ಫ್ಯಾಂಟಮ್‌ನನ್ನು ಕೊಂದವನ ಕೈಗೆ ಅವನ ಸೊಂಟಪಟ್ಟಿ ಸಿಕ್ಕಿದೆ. ಮಗ ವರ್ಷಗಟ್ಟಲೆ ಅದರ ಬೆನ್ನು ಹತ್ತಿದ್ದಾನೆ. ಸೇಡಿನ ಕಥೆಯಾಗಬಹುದಾಗಿದ್ದ ವಸ್ತುವನ್ನು ಫಾಕ್ ತಾಳ್ಮೆಯ ಕಥೆ ಮಾಡಿದ್ದಾರೆ. ಇಂದ್ರಜಾಲದವರು ಮೊಟ್ಟಮೊದಲು ಇದನ್ನೇ ಆರಿಸಿಕೊಂಡದ್ದು ಒಳ್ಳೆಯ ಆಯ್ಕೆ. ನಿಮ್ಮ ಭಾವ ಅದನ್ನು ಇವತ್ತಿಗೂ ಮರೆತಿಲ್ಲವೆಂದರೆ ಅದು ಬಾಲ್ಯದ ಮೋಹವಲ್ಲ, ಕಥೆಯ ಕಟ್ಟೋಣದ ಬಲ. ನಿಮ್ಮ ಮಗನಿಗೆ ಇದನ್ನು ಹೇಳಿ.

ಮೆಕಾಯ್ ಅವರ ಚಿತ್ರ ಮಾತ್ರ ದುರ್ಬಲ. ರೇಖೆ ಒಂದೇ ದಪ್ಪ, ಮುಖಗಳು ಚಪ್ಪಟೆ, ಕಾಡು ಎಂದರೆ ನಾಲ್ಕು ಎಲೆ. ರೇ ಮೂರ್ ಯುದ್ಧಕಾಲದಲ್ಲಿ ಸೈನ್ಯಕ್ಕೆ ಹೋದಾಗ ಅವರ ಸಹಾಯಕರಾಗಿದ್ದ ಮೆಕಾಯ್ ಕೈಗೆ ಕೆಲಸ ಬಂತು. ಮೊದಲು ಗುರುವಿನ ಶೈಲಿಯನ್ನೇ ಅನುಸರಿಸಿದರು, ಆಮೇಲೆ ತಮ್ಮ ದಾರಿ ಹಿಡಿದರು. ಆ ಸರಳತೆಯನ್ನು ಮೆಚ್ಚುವವರಿದ್ದಾರೆ, ಮಕ್ಕಳಿಗೆ ಓದಲು ಸುಲಭವೂ ಹೌದು. ಆದರೆ ಭಯ ಹುಟ್ಟಬೇಕಾದ ಕಡೆ ಭಯ ಹುಟ್ಟುವುದಿಲ್ಲ. ‘ನಡೆದಾಡುವ ಭೂತ’ ಎನ್ನಿಸಿಕೊಳ್ಳುವ ಪಾತ್ರಕ್ಕೆ ಅದು ದೊಡ್ಡ ಕೊರತೆ.

ಆ ಭಯ ಇದ್ದದ್ದು ರೇ ಮೂರ್ ಅವರಲ್ಲಿ. 1936ರಿಂದ ಯುದ್ಧದವರೆಗಿನ ಆ ಐದಾರು ವರ್ಷಕ್ಕೆ ನಾನು ಎರಡನೆಯ ಸ್ಥಾನ ಕೊಡುತ್ತೇನೆ, ಮನಸ್ಸಿನಲ್ಲಿ ಒಮ್ಮೊಮ್ಮೆ ಮೊದಲನೆಯದನ್ನೂ ಕೊಟ್ಟದ್ದುಂಟು. ಮೂರ್ ಅವರ ಚೌಕದಲ್ಲಿ ಅರ್ಧ ಕಪ್ಪು. ಫ್ಯಾಂಟಮ್ ಕಿಟಕಿಯ ಬಳಿ ನಿಂತರೆ ಹಲಗೆಯ ನೆರಳು ಮೈಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಬೆಳಕು ಒಂದೇ ಕಡೆಯಿಂದ. ಕಥೆಯೂ ಆಗ ದೊಡ್ಡವರ ಕಥೆಯಾಗಿತ್ತು. ಎರಡನೆಯ ಕಥೆಯಲ್ಲೇ ಹೆಂಗಸರ ವಿಮಾನದರೋಡೆ ತಂಡವೊಂದು ಬರುತ್ತದೆ, ಅವರಲ್ಲಿ ಇಬ್ಬರಿಗೆ ಫ್ಯಾಂಟಮ್ ಮೇಲೆ ಮನಸ್ಸು. ಫಾಕ್‌ಗೇ ಇನ್ನೂ ತಮ್ಮ ನಾಯಕ ಯಾರೆಂದು ಖಚಿತವಿರಲಿಲ್ಲ. ಜಿಮ್ಮಿ ವೆಲ್ಸ್ ಎಂಬ ಶ್ರೀಮಂತ ಸೋಮಾರಿಯೇ ಮುಖವಾಡದೊಳಗಿನವನು ಎಂದು ಮೊದಲು ಯೋಚಿಸಿ, ಕಥೆ ನಡೆಯುತ್ತಿರುವಾಗಲೇ ಮನಸ್ಸು ಬದಲಿಸಿ, ತಲೆಮಾರುಗಳ ವಂಶದ ಕಲ್ಪನೆಗೆ ಬಂದರು. ಲೇಖಕ ಹುಡುಕುತ್ತಿರುವುದು ಓದುಗರಿಗೆ ತಟ್ಟುತ್ತದೆ, ಅದರಲ್ಲಿ ಒಂದು ಜೀವಂತಿಕೆ ಇದೆ.

ಹಾಗಿದ್ದರೂ ಮೊದಲ ಸ್ಥಾನ ಯಾಕಿಲ್ಲ? ಆ ಕಾಲದ ಕಾಡಿನ ಜನ. ಅವರು ಬೆದರುತ್ತಾರೆ, ಅಡ್ಡಬೀಳುತ್ತಾರೆ, ಬಿಳಿಯನೊಬ್ಬ ಬಂದು ಕಾಪಾಡಲಿ ಎಂದು ಕಾಯುತ್ತಾರೆ. ನಾಡು ಎಲ್ಲಿದೆ ಎಂಬುದೂ ಸ್ಪಷ್ಟವಿಲ್ಲ. ಏಷ್ಯಾದ ಒಂದಿಷ್ಟು, ಆಫ್ರಿಕಾದ ಒಂದಿಷ್ಟು, ಹುಲಿಯೂ ಇದೆ, ಸಿಂಹವೂ ಇದೆ. ಕಡಲ್ಗಳ್ಳರ ಸಂಘಕ್ಕೆ ಸಿಂಗ್ ಎಂದು ಹೆಸರಿಡುವಾಗ ಆ ಹೆಸರಿನ ಲಕ್ಷಾಂತರ ಜನ ಇದ್ದಾರೆಂಬ ಯೋಚನೆ ಯಾರಿಗೂ ಬಂದಂತಿಲ್ಲ. ವಸಾಹತಿನ ಕಣ್ಣು ಅದು. ಚಿತ್ರ ಎಷ್ಟೇ ಸುಂದರವಾದರೂ, ಓದುವಾಗ ನನ್ನಂಥವನು ನಾಯಕನ ಪಕ್ಕದಲ್ಲಲ್ಲ, ಅಡ್ಡಬಿದ್ದವರ ಗುಂಪಿನಲ್ಲಿ ನಿಂತಿರಬೇಕಾಗುತ್ತದೆ. ಅದು ಹಿತವಾದ ಜಾಗವಲ್ಲ.

ಇಲ್ಲಿಗೆ ನನ್ನ ಮುಖ್ಯ ವಾದ ಬಂತು. ಸೈ ಬ್ಯಾರಿ ಕೆಲಸ ವಹಿಸಿಕೊಂಡದ್ದು ಮೆಕಾಯ್ ತೀರಿಕೊಂಡ 1961ರಲ್ಲಿ, ಮೂಕಾರ್ ಎಂಬ ಊರಿನ ಗುಲಾಮರ ಸಂತೆಯ ಕಥೆಯ ನಡುವೆ. ಅದರ ಹಿಂದಿನ ವರ್ಷ, 1960ರಲ್ಲಿ, ಆಫ್ರಿಕಾದ 17 ದೇಶಗಳು ಸ್ವತಂತ್ರವಾಗಿದ್ದವು. ದಿನಪತ್ರಿಕೆಗೆ ಬರೆಯುವ ಫಾಕ್ ಅದೇ ಪತ್ರಿಕೆಯ ಮುಖಪುಟವನ್ನೂ ಓದುತ್ತಿದ್ದರು. ಐವತ್ತು ದಾಟಿದ ಲೇಖಕ, ಜಗತ್ತಿನ ನೂರಾರು ಪತ್ರಿಕೆಗಳಲ್ಲಿ ಚೆನ್ನಾಗಿ ನಡೆಯುತ್ತಿರುವ ಕಥೆಯನ್ನು ಹಾಗೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ನಾಡನ್ನೇ ಹೊಸದಾಗಿ ಕಟ್ಟಿದರು. ಬಂಗಲ್ಲಾ ಸ್ವತಂತ್ರ ಗಣರಾಜ್ಯವಾಯಿತು. ಅದಕ್ಕೆ ರಾಜಧಾನಿ, ಚುನಾವಣೆ, ಸೈನ್ಯ, ಆಸ್ಪತ್ರೆ ಬಂದವು. ಲಮಾಂಡಾ ಲುವಾಗಾ ಎಂಬ ಕಪ್ಪು ಜನಾಂಗದ ವೈದ್ಯ ಜನರ ಮತದಿಂದ ಅಧ್ಯಕ್ಷನಾದ. ಅಧಿಕಾರ ಬಿಡಲೊಲ್ಲದ ಜನರಲ್ ಬಬಾಬು ಸೇನೆಯನ್ನು ಕಟ್ಟಿಕೊಂಡು ಅವನನ್ನು ಉರುಳಿಸಲು ನೋಡಿದ. ಆ ವರ್ಷಗಳ ಯಾವುದೇ ಪತ್ರಿಕೆ ತೆಗೆದರೂ ಇಂಥ ಸುದ್ದಿ ಇತ್ತು. ಕಾಡಿನ ಕಾವಲು ಪಡೆಯ ನಾಯಕತ್ವ ಮುಂದೆ ವೊರುಬು ಎಂಬ ಕಪ್ಪು ಅಧಿಕಾರಿಗೆ ಬಂತು.

ಫ್ಯಾಂಟಮ್ ಏನು ಮಾಡುತ್ತಾನೆ ಎಂಬುದು ಇನ್ನೂ ಮುಖ್ಯ. ಅವನು ಸಿಂಹಾಸನ ಏರುವುದಿಲ್ಲ. ಗೆದ್ದವನನ್ನು ಅವನ ಕುರ್ಚಿಯಲ್ಲಿ ಕೂರಿಸಿ ಕಾಡಿಗೆ ಮರಳುತ್ತಾನೆ. ಪಡೆಯ ಸೇನಾಪತಿ ಅವನೇ, ಆದರೆ ಯಾರೂ ಅವನ ಮುಖ ನೋಡಿಲ್ಲ. ತಿಜೋರಿಯಲ್ಲಿ ಆಜ್ಞೆಯ ಚೀಟಿ ಸಿಗುತ್ತದೆ, ಅಷ್ಟೇ. ಕಾಡನ್ನು ಆಳುವವನು ಎಂಬಂತಿದ್ದ ಪಾತ್ರ ಕಾನೂನಿನ ಬೆನ್ನಿಗೆ ನಿಲ್ಲುವವನಾಗಿ ಬದಲಾಯಿತು. ಡಯಾನಾ ಕೂಡ ವಿಶ್ವಸಂಸ್ಥೆಯಲ್ಲಿ ದುಡಿಯುವವಳಾದಳು. ಬಿಳಿಯ ನಾಯಕನ ಮೂಲ ಕಲ್ಪನೆಯ ದೋಷ ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ಕಾಡಿನ ಬಂದಾರ್ ಕುಳ್ಳರು ಕೊನೆಯವರೆಗೂ ಫ್ಯಾಂಟಮ್‌ನ ನೆಲೆಯಾದ ತಲೆಬುರುಡೆ ಗುಹೆಯ ಕಾವಲಿಗೇ ಉಳಿದರು, ಗುರಾನ್‌ನಂಥ ಗೆಳೆಯನಿಗೆ ಸ್ವಂತ ಕಥೆ ಸಿಕ್ಕಿದ್ದು ಕಡಿಮೆ. ಆದರೆ ಅಷ್ಟು ದೀರ್ಘಕಾಲ ಓಡಿದ ಕಾಮಿಕ್ಸ್ ಒಂದು, ತನ್ನ ಅಡಿಪಾಯದ ತಪ್ಪನ್ನು ಅದೇ ಲೇಖಕನ ಕೈಯಲ್ಲಿ, ಓದುಗರನ್ನು ಕಳೆದುಕೊಳ್ಳದೆ, ಇಷ್ಟು ತಿದ್ದಿಕೊಂಡದ್ದು ನನಗೆ ಬೇರೆಲ್ಲೂ ಕಂಡಿಲ್ಲ. ಶ್ರೇಷ್ಠ ಕಾಲ ಎಂದು ನಾನು ಕರೆಯುವುದು ಇದನ್ನೇ. ಸ್ವಾತಂತ್ರ್ಯ ಬಂದು ಹದಿನೇಳು ವರ್ಷವೂ ತುಂಬದ ದೇಶದಲ್ಲಿ, ಊರು ಬಿಟ್ಟು ಮುಂಬೈಗೆ ಬಂದ ಹುಡುಗರು ಇಂದ್ರಜಾಲ ಓದಲು ಶುರುಮಾಡಿದಾಗ, ಆಚೆ ಅಮೆರಿಕದಲ್ಲಿ ಈ ಹೊಸ ನಾಡಿನ ಕಥೆ ಬರೆಯಲ್ಪಡುತ್ತಿತ್ತು. ಅದು ಅವರ ಕೈಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು.

ಈ ಹೊಸ ನಾಡನ್ನು ನಂಬುವಂತೆ ಮಾಡಿದ್ದು ಬ್ಯಾರಿ ಅವರ ಕುಂಚ. ಅಲ್ಲಿ ನೀವು ಸರಿ. ಮೆಕಾಯ್ ಅವರ ನಾಲ್ಕು ಎಲೆಯ ಕಾಡಿನಲ್ಲಿ ಸಂಸತ್ತು ನಿಲ್ಲುತ್ತಿರಲಿಲ್ಲ. ಬ್ಯಾರಿ ಬಂದರಿನ ಕ್ರೇನನ್ನು ಕ್ರೇನಿನಂತೆ, ಆಸ್ಪತ್ರೆಯ ಮಂಚವನ್ನು ಮಂಚದಂತೆ ಬರೆದರು. ಕಪ್ಪು ಪಾತ್ರಗಳಿಗೆ ಒಂದೇ ಅಚ್ಚಿನ ಮುಖ ಕೊಡದೆ ಒಬ್ಬೊಬ್ಬರಿಗೆ ಒಂದೊಂದು ಮುಖ ಕೊಟ್ಟರು. ಲುವಾಗಾನನ್ನು ಗುಂಪಿನಲ್ಲೂ ಗುರುತು ಹಿಡಿಯಬಹುದು. ಕುದುರೆ ಓಡುವಾಗ ಸ್ನಾಯು ಎಲ್ಲಿ ಬಿಗಿಯುತ್ತದೆಂದು ಗೊತ್ತಿದ್ದ ಕೈ ಅದು. ದಿನಕ್ಕೊಂದು ಪಟ್ಟಿ, ಭಾನುವಾರಕ್ಕೆ ಬಣ್ಣದ ಪುಟ, ಹೀಗೆ 1994ರವರೆಗೆ. ಸಹಾಯಕರಿದ್ದರು, ಎಪ್ಪತ್ತರ ಕೊನೆಯ ಹೊತ್ತಿಗೆ ಅವರ ಕೈವಾಡ ಕಾಣುತ್ತದೆ ಕೂಡ. ಅಷ್ಟರಲ್ಲಿ ಪತ್ರಿಕೆಗಳು ಕಾಮಿಕ್ಸ್‌ಗೆ ಕೊಡುವ ಜಾಗವೂ ಕುಗ್ಗುತ್ತ ಬಂದಿತ್ತು. ಚೌಕ ಚಿಕ್ಕದಾದರೆ ಮೊದಲು ಹೋಗುವುದು ಹಿನ್ನೆಲೆ. ಅದಕ್ಕೇ ಅವರ ಮೊದಲ ಹತ್ತು ವರ್ಷದ ಪಟ್ಟಿಗಳನ್ನು ಪ್ರತ್ಯೇಕವಾಗಿ ನೋಡಬೇಕೆಂದು ಹೇಳುತ್ತೇನೆ.

1977ರಲ್ಲೇ ಗೆರೆ ಎಳೆದದ್ದು ಯಾಕೆ ಎಂದು ಕೇಳುತ್ತೀರಿ. ಆ ಡಿಸೆಂಬರಿನಲ್ಲಿ ಮದುವೆ ಆಯಿತು. ಮಾಂತ್ರಿಕ ಮ್ಯಾಂಡ್ರೇಕ್ ಮತ್ತು ಅವನ ಗೆಳೆಯ ಲೋಥಾರ್ ಬಂದರು, ಲುವಾಗಾ ಬಂದ, ಪಕ್ಕದ ದೇಶದ ಅಧ್ಯಕ್ಷನೂ ಬಂದ. 41 ವರ್ಷ ಕಾಯಿಸಿದ ಮದುವೆ ಅದು, ಓದುವಾಗ ಸಂತೋಷವಾಗದೆ ಇರುವುದಿಲ್ಲ. 1979ರಲ್ಲಿ ಅವಳಿ ಮಕ್ಕಳು, ಕಿಟ್ ಮತ್ತು ಹೆಲೋಯಿಸ್. ಆದರೆ ಆಮೇಲೆ ಕಥೆ ಗುಹೆಯ ಸುತ್ತಲೇ ಸುತ್ತತೊಡಗಿತು. ಫಾಕ್‌ಗೆ ಎಪ್ಪತ್ತರ ಹತ್ತಿರ ವಯಸ್ಸು. ಹಳೆಯ ವಸ್ತುಗಳೇ ಹೊಸ ಹೆಸರಿನಲ್ಲಿ ಬರಲಾರಂಭಿಸಿದವು. ಎಂಬತ್ತರ ದಶಕದಲ್ಲಿ ಬರೆದ ಕಥೆಗಳಲ್ಲಿ ಮತ್ತೆ ಮತ್ತೆ ಓದಬೇಕೆನ್ನಿಸುವವು ನನಗೆ ಸಿಕ್ಕಿಲ್ಲ.

ಇನ್ನು ನಿಮ್ಮ ಮಗನ ಪಕ್ಷ. ಫಾಕ್ ನಂತರ ದಿನಪತ್ರಿಕೆಯ ಕಥೆಯ ಭಾರ ಹೆಚ್ಚಾಗಿ ಹೊತ್ತವರು ಟೋನಿ ಡಿಪಾಲ್. 2009ರಿಂದ 2011ರವರೆಗೆ ನಡೆದ ಅವರ ದೀರ್ಘ ಕಥೆಯಲ್ಲಿ ಪೈಥಾನ್ ಎಂಬ ಭಯೋತ್ಪಾದಕ ಡಯಾನಾ ಸತ್ತಳೆಂದು ಎಲ್ಲರನ್ನೂ ನಂಬಿಸಿ, ಅವಳನ್ನು ನೆರೆದೇಶದ ಜೈಲಿಗೆ ದೂಡುತ್ತಾನೆ. ಚಿತ್ರ ಪಾಲ್ ರಯಾನ್ ಅವರದು. ಅವರು 2016ರಲ್ಲಿ ತೀರಿಕೊಂಡ ಮೇಲೆ ಮೈಕ್ ಮ್ಯಾನ್ಲಿ ಬಂದರು. ಈ ಕಾಲದ ಗುಣವೆಂದರೆ ಮಾಡಿದ ಕೆಲಸಕ್ಕೆ ಫಲ ಅನುಭವಿಸಲೇಬೇಕು. ಇಂದು ಬಿಟ್ಟುಬಿಟ್ಟ ಶತ್ರು ಹತ್ತು ವರ್ಷದ ಮೇಲೆ ಮಗಳ ಬೆನ್ನು ಹತ್ತುತ್ತಾನೆ. ಹೆಲೋಯಿಸ್ ಸ್ವಂತ ಬುದ್ಧಿಯ ಹುಡುಗಿಯಾಗಿ ಬೆಳೆದಿದ್ದಾಳೆ, ಇದು ಫಾಕ್ ಕಾಲದಲ್ಲಿ ಸಾಧ್ಯವಾಗಿರಲಿಲ್ಲ. ಮಗನಿಗೆ ಇದು ಗಟ್ಟಿ ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ, ನಾನೂ ದಿನಾ ಓದುತ್ತೇನೆ. ನನ್ನ ತಕರಾರು ಒಂದೇ. ಈ ಕಥೆಗಳು ಹಳೆಯ ಓದುಗರ ನೆನಪಿನ ಮೇಲೆ ನಿಂತಿವೆ. ಫ್ಯಾಂಟಮ್ ಎಂದರೆ ಯಾರೆಂದೇ ಗೊತ್ತಿಲ್ಲದವರಿಗೆ ನಡುವಿನ ಒಂದು ಕಥೆ ಕೊಟ್ಟು ನೋಡಿ, ಅವರು ಹೊರಗೇ ಉಳಿಯುತ್ತಾರೆ. ಅರವತ್ತರ ದಶಕದ ಯಾವ ಕಥೆ ಕೊಟ್ಟರೂ ಹತ್ತು ಚೌಕದೊಳಗೆ ಒಳಗೆ ಬರುತ್ತಾರೆ. ಸ್ವೀಡನ್ನಿನ ಪತ್ರಿಕೆ 1950ರಿಂದ ನಡೆಯುತ್ತಿದೆ, ಅಲ್ಲಿನ ಲೇಖಕರು ತಾವೇ ಹೊಸ ಕಥೆ ಬರೆದಿದ್ದಾರೆ. ಅದು ಬೇರೆಯೇ ಪ್ರಪಂಚ, ನಿಮ್ಮ ಮೂವರ ವಾದಕ್ಕೆ ಅದು ಬೇಕಾಗಿಲ್ಲ.

ಮುಂದಿನ ಸಲ ಸೇರಿದಾಗ ಹೀಗೆ ಮಾಡಿ. ಅಮೆರಿಕದ ಹರ್ಮಿಸ್ ಪ್ರೆಸ್ ದಿನಪತ್ರಿಕೆಯ ಪಟ್ಟಿಗಳನ್ನು ಕತ್ತರಿಸದೆ, ದಿನಾಂಕದ ಕ್ರಮದಲ್ಲಿ ಸಂಪುಟಗಳಾಗಿ ತಂದಿದೆ. ದುಬಾರಿ, ಆದರೆ ಮೂವರೂ ಸೇರಿ ಎರಡು ಸಂಪುಟ ಕೊಳ್ಳಬಹುದು, ಸೊಂಟಪಟ್ಟಿಯ ಕಥೆ ಇರುವುದೊಂದು, ಮೂಕಾರ್ ಕಥೆ ಇರುವುದೊಂದು. ಭಾವನವರ ಕೈಗೆ ಎರಡನೆಯದನ್ನು ಕೊಡಿ, ನೀವು ಮೊದಲನೆಯದನ್ನು ಓದಿ. ಮೂಕಾರ್ ಕಥೆಯ ನಡುವೆ ಮೆಕಾಯ್ ಕೈಬಿಟ್ಟು ಬ್ಯಾರಿ ಹಿಡಿಯುವ ಜಾಗವನ್ನು ದಿನಾಂಕ ಮುಚ್ಚಿಕೊಂಡು ಗುರುತಿಸಲು ಮಗನಿಗೆ ಹೇಳಿ. ನಡುವೆ ಕೆಲವು ದಿನ ಬಿಲ್ ಲಿಗ್ನಾಂಟೆ ಎಂಬ ಮೂರನೆಯವರ ಕೈಯೂ ಇದೆ, ಅದು ಕಂಡರೆ ಅವನ ಕಣ್ಣು ಪಳಗಿದೆ ಎಂದರ್ಥ. ಇಂದ್ರಜಾಲವೇ ಬೇಕೆಂದರೆ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೆ ಪುಸ್ತಕದವರಲ್ಲಿ ಕೇಳಿ. ಹಣ ಕೊಡುವ ಮುಂಚೆ ನಡುವಿನ ಹಾಳೆಗಳು ಇವೆಯೇ ನೋಡಿಕೊಳ್ಳಿ. ಪಿನ್ನು ತುಕ್ಕು ಹಿಡಿದು ಮೊದಲು ಕಳಚುವುದು ಅವೇ.